ಬೇಗಂ ಸಾಹೇಬಾಳ ಮೊದಲ ಚಳಿಗಾಲ

ಮುಂಬಯಿಯ ಚಳಿಗಾಲವೆಂದರೆ ಫ್ರಿಜ್ ರಿಪೇರಿಯವರಿಗೆ ನೊಣ ಹೊಡೆಯುವ ಕಾಲ. ಬೊರಿವಲಿಯಲ್ಲಿ ಹೈವೇ ದಾಟಿದರೆ ಸಿಗುವ ಚಾಳಿನ ಕೆಳಗೆ ಶರೀಫನ ಅಂಗಡಿ. ಡಿಸೆಂಬರಿನಲ್ಲಿ ಗಾಳಿ ಕೊಂಚ ತಣ್ಣಗಾಗಿದ್ದೇ ತಡ, ಜನ ಸ್ವೆಟರು, ಮಂಕಿಕ್ಯಾಪು ಏರಿಸಿಕೊಂಡು ಕಾಶ್ಮೀರಕ್ಕೆ ಬಂದವರ ಹಾಗೆ ತಿರುಗುತ್ತಾರೆ. ಫ್ರಿಜ್ ಕೆಟ್ಟರೆ, ಹೋಳಿ ಕಳೆಯಲಿ ನೋಡೋಣ ಅನ್ನುತ್ತಾರೆ. ಆದರೆ ಈ ಸಲ ಶರೀಫನಿಗೆ ಬೇಜಾರು ಮಾಡಿಕೊಳ್ಳಲೂ ಪುರುಸೊತ್ತಿರಲಿಲ್ಲ. ಅವನ ಕೈಯಲ್ಲಿ ಮಗಳ ಇರುವೆಗಳಿದ್ದವು.

ಮಗಳು ಅಂಜುಮ ನರ್ಸಿಂಗ್ ಓದಿದವಳು. ಮೊದಲ ಮಳೆ ಬಿದ್ದ ಸಂಜೆ ರೆಕ್ಕೆ ಉದುರಿಸಿಕೊಂಡು ಕಿಟಕಿಯ ಸರಳಿನ ಮೇಲೆ ಕೂತಿದ್ದ ದಪ್ಪ ಕರಿ ಇರುವೆಯೊಂದನ್ನು ಹಿಡಿದು ಗಾಜಿನ ನಳಿಗೆಯಲ್ಲಿ ಇಟ್ಟವಳು ಅವಳೇ. ನಳಿಗೆಯ ತಳದಲ್ಲಿ ನೀರು, ಅದಕ್ಕೊಂದು ಹತ್ತಿಯ ತಡೆ, ಬಾಯಿಗೆ ಇನ್ನೊಂದು ಹತ್ತಿ. "ಇದು ರಾಣಿ ಅಬ್ಬಾ. ಒಬ್ಬಾಕಿನ ಮನಿ ಕಟ್ಟತಾಳ ನೋಡ್ರಿ," ಎಂದಿದ್ದಳು. ರಾಣಿ ಮೊಟ್ಟೆಯಿಟ್ಟಳು, ಹುಳು ಸಾಕಿದಳು. ಕೂದಲಿನಷ್ಟು ಸಣ್ಣ ಕಾಲಿನ ಮಕ್ಕಳು ಹುಳುವಿನ ಗೂಡು ಒಡೆದು ಹೊರಬಂದವು. ಅಷ್ಟರಲ್ಲಿ ಅಂಜುಮಳಿಗೆ ಡೆಹರಾಡೂನಿನ ಆಸ್ಪತ್ರೆಯೊಂದರಲ್ಲಿ ಕೆಲಸ ಸಿಕ್ಕಿತು. ಶರೀಫ ಬೇಡ ಎಂದ. ಅವಳು ಹೊರಟೇಬಿಟ್ಟಳು. ಅವನು ಸ್ಟೇಷನ್ನಿಗೂ ಹೋಗದೆ, ರಿಪೇರಿಯಾದ ಕಂಪ್ರೆಸರನ್ನೇ ಬಿಚ್ಚಿಕೊಂಡು ಅಂಗಡಿಯಲ್ಲಿ ಕೂತ.

ಹೋಗುವಾಗ ಅವಳು ನಳಿಗೆಯನ್ನು ಅಪ್ಪನ ಉಪಕರಣಗಳ ಪೆಟ್ಟಿಗೆಯ ಮೇಲೆ ಇಟ್ಟು ಹೋಗಿದ್ದಳು. ಈಗಿನ್ನೂ ಎಳೆಯವು, ರೈಲಿನಲ್ಲಿ ಅಲುಗಾಡಿದರೆ ಸಾಯುತ್ತವಂತೆ; ಬಲಿತ ಮೇಲೆ ರಮಜಾನಿಗೆ ಬಂದು ಒಯ್ಯುತ್ತಾಳಂತೆ. ಹೆಂಡತಿ ಜೇಬುನ್ನೀಸಾ ಈ ಸುದ್ದಿ ಹೇಳಿದಾಗ ಶರೀಫ, "ನನಗ ಮಾಡಾಕ ಬ್ಯಾರೆ ಕೆಲಸಿಲ್ಲೇನು?" ಎಂದು ಗೊಣಗಿದ. ಮರುದಿನವೇ ಕಡ್ಡಿಯ ತುದಿಯಲ್ಲಿ ಜೇನುತುಪ್ಪ ಅದ್ದಿಕೊಂಡು ನಳಿಗೆಯ ಮುಂದೆ ಕೂತಿದ್ದ. ರಾಣಿಗೆ ಬೇಗಂ ಸಾಹೇಬಾ ಎಂದು ಹೆಸರಿಟ್ಟವನೂ ಅವನೇ.

ಆಮೇಲೆ ದಿನಾ ಸಂಜೆ ಫೋನು ಬರತೊಡಗಿತು. "ಅಬ್ಬಾ, ತೋರಸ್ರಿ," ಎನ್ನುವಳು ಅಂಜುಮ. ಅವನು ಕ್ಯಾಮೆರಾ ನಳಿಗೆಯ ಕಡೆ ತಿರುಗಿಸಿ, ಇವತ್ತು ಸೊಳ್ಳೆ ಹಾಕಿದೆ, ಎರಡು ಮಕ್ಕಳು ಅದಕ್ಕಾಗಿ ಜಗಳಾಡಿದವು ಎಂದೆಲ್ಲ ವರದಿ ಒಪ್ಪಿಸುವನು. ಅವಳು ನಗುವಳು. ಊಟ, ನಿದ್ದೆ, ಆಸ್ಪತ್ರೆಯ ಸಂಗತಿ ಯಾವುದನ್ನೂ ಅವನು ಕೇಳಲಿಲ್ಲ, ಅವಳೂ ಹೇಳಲಿಲ್ಲ. ಅದೆಲ್ಲ ತಾಯಿಯ ಜೊತೆ. ಅಪ್ಪನ ಪಾಲಿಗೆ ಇರುವೆ. ಇವು ಸತ್ತರೆ ಮಗಳಿಗೂ ತನಗೂ ನಡುವೆ ಮಾತಿಗೇ ಗತಿಯಿಲ್ಲವೆಂಬುದು ಶರೀಫನಿಗೆ ಚೆನ್ನಾಗಿ ಗೊತ್ತಿತ್ತು. ಆ ಹೆದರಿಕೆಯಲ್ಲೇ ಅವನು ನಳಿಗೆಯನ್ನು ಎರಡೂ ಕೈಯಲ್ಲಿ ಹಿಡಿದು ಎತ್ತುತ್ತಿದ್ದ.

ಚಳಿ ಶುರುವಾದಾಗ ಇರುವೆಗಳು ಮಂಕಾದವು. ಬೇಗಂ ಸಾಹೇಬಾ ಮೊಟ್ಟೆಯಿಡುವುದನ್ನು ನಿಲ್ಲಿಸಿದಳು. ಮಕ್ಕಳು ಜೇನಿನ ಹತ್ತಿರವೂ ಬರದೆ ಅವಳ ಹೊಟ್ಟೆಯ ಕೆಳಗೆ ಮುದುರಿ ಕೂತವು. ಶರೀಫ ಮೊಬೈಲಿನಲ್ಲಿ ಹುಡುಕಾಡಿದ. ಯಾವುದೋ ಹಿಮದ ದೇಶದ ಬಿಳಿಯನೊಬ್ಬ, ಚಳಿಗಾಲದಲ್ಲಿ ಇರುವೆಗಳಿಗೆ ನಿದ್ದೆ ಬೇಕು, ಫ್ರಿಜ್ಜಿನಲ್ಲಿಡಿ ಎಂದು ತನ್ನ ಫ್ರಿಜ್ಜಿನ ಬಾಗಿಲು ತೆರೆದು ತೋರಿಸುತ್ತಿದ್ದ.

ಫ್ರಿಜ್ಜು! ಶರೀಫನ ಎದೆ ಉಬ್ಬಿತು. ತನ್ನೂರು ಸಿಂದಗಿಯನ್ನು ಬಿಟ್ಟು ಮುಂಬಯಿಗೆ ಬಂದಾಗಿನಿಂದ ಅವನು ಮಾಡಿಕೊಂಡು ಬಂದಿರುವುದೇ ತಂಪಿನ ಕೆಲಸ. ಇದೊಂದು ವಿಷಯದಲ್ಲಿ ಅವನಿಗೆ ಯಾರೂ ಪಾಠ ಹೇಳಬೇಕಾಗಿರಲಿಲ್ಲ. ಅಂಗಡಿಯ ಹಳೆಯ ಫ್ರಿಜ್ಜಿಗೆ ಹೊಸ ಥರ್ಮೋಸ್ಟ್ಯಾಟ್ ಕೂರಿಸಿದ, ಒಳಗೆ ತಂಪು ಅಳೆಯುವ ಮೀಟರು ತೂಗುಹಾಕಿದ, ಮುಳ್ಳು ಕೂದಲೆಳೆಯಷ್ಟೂ ಅಲ್ಲಾಡದ ಹಾಗೆ ಮಾಡಿದ.

"ಏನ್ರೀ, ಅದು ಹುಟ್ಟಿದ್ದು ಬೊರಿವಲ್ಯಾಗ. ಹಿಮಾಲಯದಾಗಲ್ಲ," ಎಂದಳು ಜೇಬುನ್ನೀಸಾ. "ಅಂಜುಮನ್ನ ಒಂದ್ ಮಾತು ಕೇಳ್ರಿ."

"ಥಂಡೀ ಬಗ್ಗೆ ಆಕಿ ನನಗ ಹೇಳಬೇಕಾ?"

ಅಂಜುಮಳಿಗೆ ಆ ವಾರ ನೈಟ್ ಡ್ಯೂಟಿ; ಸಂಜೆಯ ಫೋನು ಇರಲಿಲ್ಲ. ಡ್ಯೂಟಿ ಮುಗಿಯುವಷ್ಟರಲ್ಲಿ ಇರುವೆಗಳು ಸೊಂಪಾಗಿ ನಿದ್ದೆ ಮಾಡಿರುತ್ತವೆ, ಮಗಳಿಗೆ ತೋರಿಸಿ ಬೆರಗಾಗಿಸಬೇಕು ಎಂಬ ಆಸೆ ಅವನಿಗೆ. ಬಾಗಿಲು ತೆರೆದು ನೋಡಿದಾಗಲೆಲ್ಲ ಅವು ಅಲ್ಲಾಡದೆ ಬಿದ್ದಿರುತ್ತಿದ್ದವು. ಬಿಳಿಯನ ವಿಡಿಯೋದಲ್ಲೂ ಹಾಗೇ ಇತ್ತು. ಶರೀಫ ಖುಷಿಯಾಗಿ ಮೆಲ್ಲಗೆ ಬಾಗಿಲು ಮುಚ್ಚುತ್ತಿದ್ದ.

ವಾರ ಮುಗಿದ ದಿನ ನಳಿಗೆಯನ್ನು ಹೊರತೆಗೆದು ಅಂಗಡಿಯ ಕಟ್ಟೆಯ ಮೇಲೆ ಬಿಸಿಲಿಗಿಟ್ಟ. ಗಾಜಿನ ಮೇಲಿನ ಮಂಜು ಆರಿತು. ಚಹಾ ಕುಡಿದು ಬಂದು ನೋಡಿದ, ಯಾವುದೂ ಎದ್ದಿರಲಿಲ್ಲ. ಅಂಗೈಯಲ್ಲಿ ಮುಚ್ಚಿ ಹಿಡಿದ, ಬಾಯಿಂದ ಬಿಸಿ ಗಾಳಿ ಊದಿದ, ಸ್ಟೆಬಿಲೈಸರಿನ ಬೆಚ್ಚಗಿನ ಬೆನ್ನಿಗೆ ಒರಗಿಸಿಟ್ಟ. ಎಂಥ ಯಂತ್ರ ಕೆಟ್ಟರೂ ಬಿಚ್ಚಲು ಒಂದು ಸ್ಕ್ರೂ ಇರುತ್ತದೆ, ತುಂಬಲು ಗ್ಯಾಸ್ ಇರುತ್ತದೆ. ಇದನ್ನು ಎಲ್ಲಿಂದ ಬಿಚ್ಚುವುದು? ಅಯ್ಯೋ ಅನ್ನುವುದನ್ನು ಬಿಟ್ಟು ಬೇರೇನೂ ತೋಚಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಬೇಗಂ ಸಾಹೇಬಾಳ ಒಂದು ಮೀಸೆ ಅಲ್ಲಾಡಿತು. ಆಮೇಲೆ ಒಂದು ಕಾಲು. ತೂರಾಡುತ್ತ ಎದ್ದು ನಿಂತವಳು ಮಕ್ಕಳನ್ನು ಒಂದೊಂದಾಗಿ ಮುಟ್ಟಿ ನೋಡಿದಳು. ಯಾವುದೂ ಏಳಲಿಲ್ಲ. ಆಮೇಲೆ ಅವುಗಳನ್ನು ಬಾಯಲ್ಲಿ ಕಚ್ಚಿ ಎಳೆದುಕೊಂಡು ಹೋಗಿ ಹತ್ತಿಯ ಮೂಲೆಯಲ್ಲಿ ಗುಡ್ಡೆ ಹಾಕತೊಡಗಿದಳು. ಶರೀಫ ನೋಡಲಾರದೆ ಮುಖ ತಿರುಗಿಸಿದ, ಮತ್ತೆ ನೋಡಿದ.

ಸಂಜೆ ಫೋನು ಬಂತು. "ಅಬ್ಬಾ, ತೋರಸ್ರಿ."

ಅವನು ಹೇಳಿದ. ಫ್ರಿಜ್ಜು, ಮೀಟರು, ಬಿಳಿಯ, ಎಲ್ಲವನ್ನೂ ಹೇಳಿದ. ಬೈಯಲಿ, ಅಳಲಿ, ಫೋನು ಕುಕ್ಕಲಿ ಎಂದು ಕಾದ.

"ಹೋಗ್ಲಿ ಬಿಡ್ರಿ ಅಬ್ಬಾ. ಇರಿವಿ ಅಲ್ಲೇನ್," ಎಂದಳು ಅಂಜುಮ. ದನಿ ಮೆತ್ತಗಿತ್ತು, ರೋಗಿಯ ಮನೆಯವರ ಜೊತೆ ಮಾತಾಡುವ ಹಾಗೆ. "ರಾಣೀಗೆ ಜೇನು ಕೊಡ್ರಿ. ಉಳದ್ರ ಉಳೀತಾಳ. ನಾ ಇಡ್ಲಾ?"

ಮರುದಿನ ಸಂಜೆ ಫೋನು ಬರಲಿಲ್ಲ. ಅದರ ಮರುದಿನವೂ ಬರಲಿಲ್ಲ. ಜೇಬುನ್ನೀಸಾಳಿಗೆ ಮಾತ್ರ ಎಂದಿನಂತೆ ಬರುತ್ತಿತ್ತು; ಶರೀಫ ಬಾಗಿಲಲ್ಲಿ ನಿಂತು ಅರ್ಧಮರ್ಧ ಕೇಳಿಸಿಕೊಳ್ಳುವನು. "ನೀವ ಒಂದ್ ಸಲ ಫೋನ್ ಹಚ್ಚಿದ್ರ ಕೈ ಸವೀತಾವೇನ್ರೀ?" ಎಂದಳು ಅವಳು. ಹಚ್ಚಿ ಏನು ಮಾತಾಡುವುದು? ಬೇಗಂ ಸಾಹೇಬಾ ಜೇನು ಮುಟ್ಟಿರಲಿಲ್ಲ. ಸತ್ತ ಮಕ್ಕಳ ಗುಡ್ಡೆಯ ಪಕ್ಕದಲ್ಲೇ ಕೂತಿದ್ದಳು.

ಮೂರನೆಯ ಸಂಜೆ ಶರೀಫ ಶಟರ್ ಅರ್ಧ ಎಳೆದು, ನಳಿಗೆಯನ್ನು ಎಡಗೈ ಮುಷ್ಟಿಯಲ್ಲಿ ಬೆಚ್ಚಗೆ ಹಿಡಿದು, ಬಲಗೈಯಲ್ಲಿ ಮಗಳಿಗೆ ಫೋನು ಹಚ್ಚಿದ. ಅವಳು ಹೋದ ಮೇಲೆ ಅವನಾಗಿ ಹಚ್ಚಿದ್ದು ಅದೇ ಮೊದಲು.

"ಏನಾತ್ರಿ ಅಬ್ಬಾ? ರಾಣಿ ಹೋದಳೇನು?"

"ಇಲ್ಲ. ಅದಾಳ."

"ಮತ್ತ? ಏನಾರ ಕೆಲಸಿತ್ತೇನ್ರಿ?"

"ಏನಿಲ್ಲ," ಎಂದ ಶರೀಫ.

ಹೇಳಬೇಕಾದದ್ದು ಎಷ್ಟೋ ಇತ್ತು. ನಾನು ಸ್ಟೇಷನ್ನಿಗೆ ಬರಬೇಕಿತ್ತು ಮಗಳೇ ಎನ್ನುವುದೂ ಅದರಲ್ಲಿತ್ತು. ಅವನು ಫೋನನ್ನು ಕಿವಿಗೆ ಇನ್ನಷ್ಟು ಒತ್ತಿಕೊಂಡ. ಆ ಕಡೆಯಿಂದ ಆಸ್ಪತ್ರೆಯ ಗದ್ದಲ ಕೇಳುತ್ತಿತ್ತು, ಯಾರೋ ಯಾರನ್ನೋ ಕೂಗುತ್ತಿದ್ದರು. ಮುಷ್ಟಿಯೊಳಗೆ ಬೇಗಂ ಸಾಹೇಬಾ ಇನ್ನೂ ಬದುಕಿದ್ದಾಳೋ ಇಲ್ಲವೋ ಎಂದು ತೆರೆದು ನೋಡಲು ಅವನಿಗೆ ಧೈರ್ಯವಾಗಲಿಲ್ಲ. ಅವನು ಫೋನು ಇಡಲಿಲ್ಲ.

ಅವಳೂ ಇಡಲಿಲ್ಲ.