ಜಿಲೇಬಿಯ ಪಾಲು

ನಮ್ಮಪ್ಪ ಮಾಚಯ್ಯನವರ ಲೆಕ್ಕದಲ್ಲಿ ಜಿಲೇಬಿ ನಾಯಿಯೇ ಅಲ್ಲ. "ಹತ್ತಿ ಉಂಡೆಗೆ ಬೊಗಳೋದು ಕಲಿಸಿದ್ದೀಯಲ್ಲ!" ಅಂದಿದ್ದರು, ಅಮ್ಮ ಹೋದ ಮೇಲೆ ಫರೀದಾಬಾದಿನ ನನ್ನ ಫ್ಲಾಟಿಗೆ ಬಂದಿಳಿದ ದಿನವೇ. ಸುಬೇದಾರರಾಗಿ ನಿವೃತ್ತರಾದವರು, ಕೊಡಗಿನಲ್ಲಿ ಅವರು ಸಾಕಿದ್ದೆಲ್ಲ ಕಾಡುಹಂದಿಯ ಮೇಲೆ ಬೀಳುವ ನಾಯಿಗಳು. ನನ್ನದು ಕಿತ್ತಳೆ ಬಣ್ಣದ ಪಾಮೆರೇನಿಯನ್, ಒಂದೇ ಕೈಯಲ್ಲಿ ಎತ್ತಿಕೊಳ್ಳುವಷ್ಟು. ಆದರೆ ಜಂಬಕ್ಕೇನೂ ಕಡಿಮೆಯಿಲ್ಲ. ಲಿಫ್ಟ್ ಸದ್ದಾದರೆ ಬೊಗಳಬೇಕು, ಕುಕ್ಕರ್ ಕೂಗಿದರೆ ಅದಕ್ಕೂ ಉತ್ತರ ಕೊಡಬೇಕು. ನಾನು ಕಾರ್ಖಾನೆಯಿಂದ ಬಂದರೆ ಮನೆಯೆಲ್ಲ ಸುತ್ತಿ ಓಡಿ, ಕೊನೆಗೆ ಏದುಸಿರು ಬಿಡುತ್ತಾ ನನ್ನ ಪಾದದ ಮೇಲೇ ಕೂರುತ್ತಿತ್ತು. ಮದುವೆ ಮುರಿದ ಮೇಲೆ ನಾನು ಬಂದೆನೆಂದು ಸಂಭ್ರಮಪಟ್ಟ ಜೀವ ಅದೊಂದೇ.

ಅದರ ಆರೈಕೆಯನ್ನು ಅಪ್ಪನಿಗೆ ವಿವರಿಸಿದ್ದೆ. ದಿನಾ ಕೂದಲು ಬಾಚಬೇಕು. ಎಷ್ಟೇ ಸೆಕೆಯಿದ್ದರೂ ಬೋಳಿಸಬಾರದು. ಎಣ್ಣೆ, ಕೊಬ್ಬು ಮಾತ್ರ ಸೋಕಿಸಲೇಬಾರದು, ಈ ಪುಟ್ಟ ಹೊಟ್ಟೆಗೆ ಅದು ವಿಷ. "ನಮ್ಮ ರೆಜಿಮೆಂಟಿನಲ್ಲೂ ಇಷ್ಟು ಆರ್ಡರ್ ಇರಲಿಲ್ಲ ಮಾರಾಯ್ತಿ," ಅಂತ ನಕ್ಕರು. ಅವರು ನನ್ನ ಮಾತು ಕೇಳಿದ್ದಾದರೂ ಯಾವಾಗ?

ಸೆಪ್ಟೆಂಬರಿನಲ್ಲಿ ಕೈಲ್ ಮುಹೂರ್ತ ಬಂತು, ನಮ್ಮ ಆಯುಧಪೂಜೆ. ಕೋವಿ ಊರಿನಲ್ಲೇ ಉಳಿದಿತ್ತು. ಅಪ್ಪ ತಮ್ಮ ಹಳೇ ಬೆತ್ತಕ್ಕೂ ನನ್ನ ಅಡುಗೆಮನೆಯ ಚೂರಿಗೂ ಹೂವಿಟ್ಟರು. ನಾನು ದಿಲ್ಲಿಯ ಐಎನ್‌ಎ ಮಾರ್ಕೆಟ್‌ವರೆಗೂ ಹೋಗಿ ಹಂದಿಮಾಂಸ ತಂದು, ಪಂದಿಕರಿ ಒಲೆಯ ಮೇಲಿಟ್ಟಿದ್ದೆ. ಆಗ ಬಾಲ್ಕನಿಯಿಂದ ಒಂದು ದಡಿಯ ಕೋತಿ ಒಳಗೆ ನುಗ್ಗಿ, ಪೂಜೆಯ ಬಾಳೆಹಣ್ಣಿಗೆ ಕೈಹಾಕಿತು. ಅಪ್ಪ ಬೆತ್ತ ಹುಡುಕುವಷ್ಟರಲ್ಲಿ ಜಿಲೇಬಿ ಹಾರಿತು. ಕೋತಿ ಹಲ್ಲು ಕಿರಿದರೂ ಜಿಲೇಬಿ ಹಿಂದೆ ಸರಿಯಲಿಲ್ಲ. ಕೋತಿ ಬಾಲ್ಕನಿ ಹಾರಿ ಹೋಗುವವರೆಗೂ ಅಟ್ಟಿಸಿಕೊಂಡು ಹೋಯಿತು.

"ಶಹಬ್ಬಾಸ್!" ಅಪ್ಪ ಜಿಲೇಬಿಯನ್ನು ಮೊದಲ ಸಲ ಎತ್ತಿಕೊಂಡರು. "ಇದು ನಾಯಿ ಕಣೇ ಜೀವಿತಾ!"

ನನಗೆ ಖುಷಿಯಾಯಿತು, ಹೊಟ್ಟೆಕಿಚ್ಚೂ ಆಯಿತು. ಆ ಶಹಬ್ಬಾಸ್ ನನಗೆ ಒಂದು ಸಲವೂ ಸಿಕ್ಕಿರಲಿಲ್ಲ. ಚಿಕ್ಕಂದಿನಲ್ಲಿ ಬೇಟೆಯ ಮಾಂಸ ಪಾಲಾಗುವಾಗ ಹೋದವರಿಗೆಲ್ಲ ಒಂದೊಂದು ಪಾಲು, ನಾಯಿಗೂ ಒಂದು. ಬ್ಯಾಟರಿ ಹಿಡಿದು ಹೋದ ತಮ್ಮ ಹರೀಶನಿಗೂ ಉಂಟು. ನಾನು ಕೈಚಾಚಿದರೆ ಅಪ್ಪ, "ಬೇಟೆಗೆ ಹೋಗದವರಿಗೆ ಪಾಲಿಲ್ಲ," ಅನ್ನುತ್ತಿದ್ದರು. ಕರೆದುಕೊಂಡು ಹೋಗಿ ಅಂದರೆ, ಹುಡುಗಿಯರಿಗಲ್ಲ ಅನ್ನುತ್ತಿದ್ದರು.

ಊಟವಾಗಿ ಸಂಜೆಯ ಹೊತ್ತಿಗೆ ಜಿಲೇಬಿ ವಾಂತಿ ಮಾಡತೊಡಗಿತು. ಬೆನ್ನು ಗೂನು ಮಾಡಿಕೊಂಡು ನಡುಗುತ್ತಿತ್ತು. ಡಾಕ್ಟರ ಹತ್ತಿರ ಓಡಿದೆವು. "ಜಿಡ್ಡಿನದೇನಾದರೂ ತಿನ್ನಿಸಿದಿರಾ?" ಅಂತ ಆತ ಹಿಂದಿಯಲ್ಲಿ ಕೇಳಿದ.

"ನಮ್ಮ ಮನೆಯಲ್ಲಿ ಯಾರೂ ಹಾಗೆ ಮಾಡಲ್ಲ," ಅಂದೆ ನಾನು, ಎದೆಯುಬ್ಬಿಸಿ. ಅಪ್ಪ ಪಕ್ಕದಲ್ಲೇ ನಿಂತು ಗೋಡೆಯ ಕ್ಯಾಲೆಂಡರ್ ನೋಡುತ್ತಿದ್ದರು. ಸೆಕೆಗೆ ಹೀಗಾಗಿರಬಹುದೆಂದು ಆತ ಒಂದು ಇಂಜೆಕ್ಷನ್ ಕೊಟ್ಟು ಕಳಿಸಿದ.

ಬೆಳಗ್ಗೆ ಅದಕ್ಕೆ ತಲೆ ಎತ್ತಲೂ ಆಗಲಿಲ್ಲ. ಮತ್ತೆ ಆಟೋ ಹತ್ತಿದೆವು. ಅರ್ಧ ದಾರಿಯಲ್ಲಿ ಅಪ್ಪ ಕೆಮ್ಮಿದರು. "ನಿನ್ನೆ ನೀನು ಅಡುಗೆಮನೆಯಲ್ಲಿದ್ದಾಗ ಅದರ ಪಾಲು ಕೊಟ್ಟಿದ್ದೆ."

"ಏನು ಕೊಟ್ಟಿರಿ?"

"ಪಂದಿಕರಿ. ಒಳ್ಳೇ ಕೊಬ್ಬಿನ ತುಂಡುಗಳು. ಕೋತಿ ಓಡಿಸಿತಲ್ಲ."

"ನಿನ್ನೆ ಡಾಕ್ಟರು ಕೇಳಿದಾಗ ಬಾಯಿಗೇನಾಗಿತ್ತು ಅಪ್ಪಾ?"

"ಹೊರಗಿನವರ ಎದುರಿಗೆ ನಿನ್ನಿಂದ ಬೈಸಿಕೊಳ್ಳಬೇಕಿತ್ತಾ?"

ಮೇದೋಜೀರಕ ಗ್ರಂಥಿ ಊದಿಕೊಂಡಿದೆ ಎಂದ ಡಾಕ್ಟರ್. "ಕಲ್ ಬತಾನಾ ಥಾ, ಮೇಡಂ," ಅಂದ. ನಿನ್ನೆಯೇ ಹೇಳಬೇಕಿತ್ತು. ಡ್ರಿಪ್ ಹಾಕಿಕೊಂಡೇ, ಮಧ್ಯಾಹ್ನದೊಳಗೆ, ನನ್ನ ಕೈಮೇಲೆ ಗಲ್ಲವಿಟ್ಟು ಜಿಲೇಬಿ ಹೋಯಿತು. ಅಳು ಬಂತು, ಅತ್ತುಬಿಟ್ಟೆ. ಅಪ್ಪ ಹೊರಗೆ ಬೆಂಚಿನ ಮೇಲೆ ನೆಟ್ಟಗೆ ಕೂತಿದ್ದರು.

ಆ ಸಂಜೆ ಅವರೇ ಅನ್ನ ಮಾಡಿ, ಮಿಕ್ಕಿದ್ದ ಪಂದಿಕರಿ ಬಿಸಿಮಾಡಿ ನನ್ನನ್ನು ಊಟಕ್ಕೆ ಕರೆದರು. ತಪ್ಪಾಯಿತು ಅನ್ನುವ ಮಾತು ಅವರ ಬಾಯಲ್ಲಿ ಹುಟ್ಟುವುದಿಲ್ಲ. ಬದಲಿಗೆ ತಮ್ಮ ತಟ್ಟೆಯಿಂದ ಒಂದು ದೊಡ್ಡ ತುಂಡು ತೆಗೆದು ನನ್ನ ತಟ್ಟೆಗೆ ಹಾಕಿದರು. ಚಿಕ್ಕಂದಿನಿಂದ ನಾನು ಕಾದದ್ದು ಅದಕ್ಕೇ. ಕೊಬ್ಬು ಇನ್ನೂ ಮಿರಮಿರ ಮಿಂಚುತ್ತಿತ್ತು.

"ತಿನ್ನು ಮಗಳೇ," ಅಂದರು.

ಅದನ್ನೆತ್ತಿ ಅವರ ತಟ್ಟೆಗೇ ವಾಪಸು ಹಾಕಿದೆ.

"ನೀವೇ ತಿನ್ನಿ. ನಾನು ಬೇಟೆಗೆ ಹೋಗಿರಲಿಲ್ಲ."

ಅವರು ಕೈ ತಟ್ಟೆಯಲ್ಲೇ ಬಿಟ್ಟು ಕೂತರು. ಅವರ ಕಣ್ಣು ತುಂಬಿದ್ದು ಕಂಡಿತು. ನಾನು ಎದ್ದು ಕೈತೊಳೆದೆ.