ಅಮ್ಮನ ಹೆಸರಿಗೆ ಯಾರದೋ ಹೆಬ್ಬೆಟ್ಟು

ನಮ್ಮಮ್ಮ ಚಿಕ್ಕವೆಂಕಟಮ್ಮ ಸೈನು ಕಲಿತಿದ್ದು ನನ್ನ ಸ್ಲೇಟಿನ ಮೇಲೆ. ನಾನಾಗ ನಾಲ್ಕನೇ ಕ್ಲಾಸು. ಆರಕ್ಷರದ ಹೆಸರಿಗೆ ಆರು ತಿಂಗಳು ತಗೊಂಡಳು. ಒತ್ತಕ್ಷರ ಬಂದಾಗಲೆಲ್ಲ, “ಇದ್ಯಾಕೆ ಅಮ್ಮಾಜೀ, ಕೆಳಗೆ ನೇತಾಡ್ತದೆ?” ಎಂದು ನನ್ನನ್ನು ಕೇಳಿ, ಅಕ್ಷರವನ್ನೇ ಬೈಯುತ್ತಿದ್ದಳು.

ಅದು ಎಂಬತ್ತೊಂಬತ್ತನೇ ಇಸವಿ. ಎಲೆಕ್ಷನ್ನಿಗೆ ಎರಡು ದಿನ ಇದೆ ಎನ್ನುವಾಗ ನಮ್ಮ ವೆಂಕಟರತ್ನಮ್ಮ ಮಿಸ್ಸು ಬೋರ್ಡಿನ ಮೇಲೆ ದಪ್ಪಗೆ ಬರೆದರು: ‘ಗಂಡಿಗೂ ಒಂದು ಓಟು, ಹೆಣ್ಣಿಗೂ ಒಂದು ಓಟು.’ ಬೇರೆ ದೇಶಗಳಲ್ಲಿ ಹೆಂಗಸರು ಇದಕ್ಕಾಗಿ ಜೈಲಿಗೂ ಹೋಗಿದ್ದರಂತೆ. ನಮ್ಮಲ್ಲಿ ಮೊದಲ ಎಲೆಕ್ಷನ್ನಿನಿಂದಲೇ ಇಬ್ಬರಿಗೂ ಇದೆಯಂತೆ.

“ಮಾರಿಕುಪ್ಪಂನಲ್ಲಿ ಗಣಿ ಕೆಲಸದವರ ಮನೆ ಹೆಂಗಸರು ಬಾಗಿಲು ತೆಗೆಯೋಕೆ ಮುಂಚೇನೇ ಸಾಲು ನಿಂತಿರ್ತಾರೆ. ನಾನೇ ಎಲೆಕ್ಷನ್ ಡ್ಯೂಟಿಲಿ ನೋಡಿದ್ದೀನಿ. ಈ ಸಲ ಓಟು ಮುಗಿದು ಸ್ಕೂಲು ತೆಗೆದ ದಿನ ನಿಮ್ಮಮ್ಮನ ಬೆರಳಲ್ಲಿ ಮಸಿ ಇದೆಯಾ ಅಂತ ನೋಡ್ಕೊಂಡು ಬಂದು ಹೇಳಿ. ಅದೇ ಹೋಮ್‌ವರ್ಕು. ಯಾರಾದ್ರೂ ಅವರ ಓಟು ಆಗಲೇ ಹಾಕಿಬಿಟ್ಟಿದ್ರೆ ವಾಪಸ್ ಬರಬಾರದು. ಟೆಂಡರ್ ಓಟು ಕೊಡಿ ಅಂತ ಕೇಳಬೇಕು, ಆಗ ಬೇರೆ ಚೀಟಿ ಕೊಡಲೇಬೇಕು ಅಂತ ಕಾನೂನಿದೆ.”

ನಾನು ಅದನ್ನು ಮಗ್ಗಿಯ ಹಾಗೆ ಬಾಯಿಪಾಠ ಮಾಡಿದೆ.

ಓಟಿನ ದಿನ ಅಮ್ಮ ಕೋದಂಡಪ್ಪನವರ ಹೊಲದಲ್ಲಿ ರಾಗಿ ಕುಯ್ಯುತ್ತಿದ್ದಳು. ನಮ್ಮ ಬೀದಿಯವರಿಗೆಲ್ಲ ಕೂಲಿ ಅಂದರೆ ಅವರ ಹೊಲವೇ. “ಸಾಲು ಮುಗಿಸ್ಕಂಡು ನಿಧಾನಕ್ಕೆ ಓಗ್ರಮ್ಮ, ಓಟೇನು ಎದ್ದು ಓಡೋಗ್ತದಾ?” ಎಂದು ಹೆಂಗಸರಿಗೆ ಹೇಳಿ, ತಾವು ಬೂತಿನಲ್ಲಿ ಏಜೆಂಟಾಗಿ ಕೂತಿದ್ದರು. ಅಪ್ಪ ಬೆಳಿಗ್ಗೆಯೇ ಹಾಕಿ ಬಂದಿದ್ದ. ಮಧ್ಯಾಹ್ನ ನಾನೇ ಹೊಲಕ್ಕೆ ಹೋಗಿ ಅಮ್ಮನನ್ನು ಎಳೆದುಕೊಂಡು ಬಂದೆ.

ಬೂತು ಬೇರೆಲ್ಲೂ ಅಲ್ಲ, ನಮ್ಮ ಕ್ಲಾಸೇ. ಬೋರ್ಡಿಗೆ ಅಡ್ಡ ಗೋಣಿತಾಟು ಕಟ್ಟಿದ್ದರು. ಪಟ್ಟಿ ನೋಡುವವನು ಅಮ್ಮನ ಹೆಸರು ಕೇಳಿ, “ನಿಂದು ಆಗೋಗಿದೆ ಕಣಮ್ಮ” ಎಂದ.

“ಏನಾಗೋಗಿದೆ?”

“ಓಟು.”

ಅಮ್ಮ ಬೆರಳು ಚಾಚಿದಳು. “ನೋಡಿ ಸ್ವಾಮಿ. ಕುಡುಗೋಲಿನ ಗಾಯ ಬಿಟ್ರೆ ಇನ್ನೇನಾದ್ರೂ ಐತಾ ಇದ್ರಾಗೆ?”

ಬೆಂಚಿನ ಮೇಲಿಂದ ಕೋದಂಡಪ್ಪ ನಕ್ಕರು. “ನಿಂಗ್ಯಾಕೆ ತೊಂದ್ರೆ ಅಂತ ಯಾರೋ ಪುಣ್ಯಾತ್ಮರು ಆಕವ್ರೆ ಬಿಡಮ್ಮ. ಓಗು, ಕುಯ್ಲು ನೋಡೋಗು.”

“ನಂಗೆ ತೊಂದ್ರೆ ಅಂತ ನನ್ ಪಾಲಿನ ಮುದ್ದೇನೂ ಅವ್ರೇ ಉಣ್ತಾರಾ ಅಣ್ಣಾ?”

ನಾನು ಅವಳ ಸೆರಗು ಹಿಡಿದು ಕೂಗಿದೆ: “ಟೆಂಡರ್ ಓಟು! ಟೆಂಡರ್ ಓಟು ಕೊಡಿ!”

ಬೂತಿನ ಸಾಹೇಬರು ಕನ್ನಡಕ ತೆಗೆದರು. “ಯಾರು ಹೇಳಿಕೊಟ್ಟಿದ್ದು ಇದನ್ನ?”

ನಾನು ಬೋರ್ಡು ತೋರಿಸಿದೆ. ಗೋಣಿತಾಟಿನ ಆಚೆ ‘ಹೆಣ್ಣಿಗೂ ಒಂದು ಓಟು’ ಎನ್ನುವುದಷ್ಟೇ ಕಾಣುತ್ತಿತ್ತು. ಅವರು ಓಟು ಹಾಕಿದವರ ಸೈನು, ಹೆಬ್ಬೆಟ್ಟು ಇದ್ದ ಚೀಟಿ ಬುಡಗಳನ್ನು ಮಗುಚಿ, “ಇಲ್ಲಿದೆಯಲ್ಲಮ್ಮ ನಿನ್ನ ಹೆಬ್ಬೆಟ್ಟು” ಎಂದರು.

“ನಾನು ಸೈನಾಕೋಳು ಸ್ವಾಮಿ.”

ಸಾಹೇಬರು ಕನ್ನಡಕ ಹಾಕಿಕೊಂಡು ಬುಡವನ್ನು ಮತ್ತೆ ನೋಡಿದರು. ಅಮ್ಮ ಬಿಡಲಿಲ್ಲ.

“ನನ್ ಎಸ್ರೇಳ್ಕಂಡು ಬಂದಿದ್ದು ಸೀರೆ ಉಟ್ಟೋಳಾ, ಪಂಚೆ ಕಟ್ಟಿದ್ದೋನಾ? ಅದನ್ನಾರ ಏಳಿ!”

ಬಾಗಿಲಲ್ಲಿದ್ದವರು ಕಿಸಕ್ಕನೆ ನಕ್ಕರು. ಕೋದಂಡಪ್ಪ ಕೆಂಪಗಾದರು. “ಬಾಯಿ ಜಾಸ್ತಿಯಾಯ್ತು ನಿಂದು. ನಾಳೆಯಿಂದ ನನ್ ಒಲದ ಕಡೆ ಬರಬ್ಯಾಡ.”

“ಒಲ ನಿಮ್ದು. ಎಸ್ರು ನಂದು.”

ಸಾಹೇಬರು ಬೆರಳಿಗೆ ಮಸಿ ಹಾಕಿಸಿ ಚೀಟಿ ಕೊಟ್ಟರು. ಅಮ್ಮ ಅವರ ಪಟ್ಟಿಯಲ್ಲಿ ಒಂದೂ ಒತ್ತಕ್ಷರ ಬಿಡದೆ ಸೈನು ಮಾಡಿದಳು. ಚೀಟಿ ಮಾತ್ರ ಪೆಟ್ಟಿಗೆಗೆ ಬೀಳಲಿಲ್ಲ. ಬೇರೆ ಕವರಿಗೆ ಹೋಯಿತು.

ಸ್ಕೂಲು ತೆಗೆದ ದಿನ ಮಿಸ್ಸು ಹೋಮ್‌ವರ್ಕು ಕೇಳಿದರು. ಇಪ್ಪತ್ತಾರು ಮಕ್ಕಳಲ್ಲಿ ಮಸಿ ಇದೆ ಎಂದು ಎದ್ದಿದ್ದು ನಾಲ್ಕು ಕೈ. ಮಿಸ್ಸಿನ ಮುಖ ಕಪ್ಪಿಟ್ಟಿತು.

“ಮಿಸ್, ಅಮ್ಮನ ಕವರು ಯಾವತ್ತು ಎಣಿಸ್ತಾರೆ?”

ಅವರು ಸೀಮೆಸುಣ್ಣ ಕೆಳಗಿಟ್ಟರು. “ಎಣಿಸಲ್ಲ ಅಮ್ಮಾಜಿ. ಯಾರಾದ್ರೂ ಕೋರ್ಟಿಗೆ ಹೋದ್ರೆ ಮಾತ್ರ ತೆಗೀತಾರೆ.”

“ಮತ್ಯಾಕೆ ಕೇಳಿ ಅಂತ ಏಳ್ಕೊಟ್ರಿ?”

ಮಿಸ್ಸು ಬೋರ್ಡಿನ ಕಡೆ ತಿರುಗಿ ಮಗ್ಗಿ ಬರೆಯತೊಡಗಿದರು. ಕಳ್ಳ ಹಾಕಿದ ಓಟು ಎಣಿಕೆಗೆ, ಕೂಲಿ ಕಳಕೊಂಡ ನನ್ನಮ್ಮನ ಓಟು ಕವರಿನಲ್ಲಿ ಕೊಳೆಯುವುದಕ್ಕೆ! ಇದು ಯಾವ ಸೀಮೆ ನ್ಯಾಯ?

ಅಮ್ಮನಿಗೆ ಹೇಳಿದೆ. “ಎಣ್ಸಲ್ವಾ?” ಎಂದವಳು ಮುದ್ದೆ ಕೋಲನ್ನು ಪಾತ್ರೆಯಲ್ಲೇ ಬಿಟ್ಟು ಹೊರಗೆ ಹೋದಳು. ಬರುವಾಗ ಪಕ್ಕದ ಮನೆ ಮಾರಿಯಮ್ಮನ ಕೈ ಹಿಡಿದಿದ್ದಳು. ಹಿಂದೆ ಇನ್ನೂ ಮೂವರು. ಎಲ್ಲರದೂ ‘ಆಗೋಗಿದೆ’ಯೇ.

“ಅಮ್ಮಾಜೀ, ಸ್ಲೇಟು ತಗಾ. ಇವ್ರಿಗೂ ಸೈನು ಕಲ್ಸು.”

“ಈ ವಯಸ್ಸಿಗೆ ನಂಗ್ಯಾಕೆ ಕಣೇ?” ಎಂದಳು ಮಾರಿಯಮ್ಮ.

“ಎಬ್ಬೆಟ್ಟು ಯಾವನ್ ಬೇಕಾದ್ರೂ ಒತ್ತುತ್ತಾನೆ, ಅದ್ಕೆ. ಮುಂದ್ಲ ಸಲ ಬಾಗ್ಲು ತೆಗ್ಯೋಕೆ ಮುಂಚೇನೇ ಐದು ಜನಾನೂ ಅಲ್ಲಿರ್ಬೇಕು. ಕೋದಂಡಪ್ಪನ ರಾಗಿ ಬೇಕಾದ್ರೆ ಒಲ್ದಾಗೇ ಉದ್ರಲಿ. ಕೂತ್ಕೊ.”

ಮಾರಿಯಮ್ಮ ಬಳಪವನ್ನು ಕುಡುಗೋಲಿನ ಹಾಗೆ ಬಿಗಿಯಾಗಿ ಹಿಡಿದಳು. ‘ಮಾ’ ಬರೆಯುವಷ್ಟರಲ್ಲೇ ಅದು ಪಟಕ್ಕನೆ ಮುರಿಯಿತು. ಅಮ್ಮ ನನ್ನ ಬ್ಯಾಗು ಹುಡುಕಿ ಇನ್ನೊಂದು ಬಳಪ ತಂದು ಅವಳ ಕೈಗಿಟ್ಟಳು.