ಕಬರಿ ತವರಿಗೆ ಹೋದ ಬೇಸಿಗೆ

ಹೋಳಿ ಹುಣ್ಣಿಮೆ ಕಳೆದು ಗಾಳಿಗೆ ಬಿಸಿ ಹತ್ತಿತೆಂದರೆ ಸುಮಿತ್ರಾಬಾಯಿಗೆ ಅರೆ ಒಣಗಿದ ಜೋಳದ ದಂಟಿನ ವಾಸನೆ ಬರುತ್ತದೆ. ನೌಬಾದದ ಈ ಮನೆಯ ಸುತ್ತ ಈಗ ಜೋಳದ ಹೊಲಗಳಿಲ್ಲ. ನಳ ಇದೆ, ಫ್ಯಾನ್ ಇದೆ, ಹಾಲು ಪಾಕೀಟಿನಲ್ಲಿ ಬರುತ್ತದೆ. ಆದರೂ ಮಧ್ಯಾಹ್ನ ಕಿಟಕಿಯಿಂದ ಒಣಗಾಳಿ ಮುಖಕ್ಕೆ ಬಡಿದಾಗ, ಎದುರು ಮನೆಯ ಗೋಡೆಯ ಗೇಣುದ್ದ ನೆರಳಿಗೆ ಯಾರದೋ ಆಕಳು ಬಂದು ಮೈ ಹಚ್ಚಿ ನಿಂತಾಗ, ಸಿಹಿಯೂ ಅಲ್ಲದ ಹುಳಿಯೂ ಅಲ್ಲದ ಆ ವಾಸನೆ ಎಲ್ಲಿಂದಲೋ ಬಂದು ಮೂಗಿಗೆ ಹತ್ತುತ್ತದೆ. ಆಗ ಆಕೆ ಕೈಯಲ್ಲಿದ್ದ ಕೆಲಸ ಬಿಟ್ಟು ಕಿಟಕಿಯ ಬಳಿ ಬಂದು ಕೂಡುತ್ತಾಳೆ.

ಎಪ್ಪತ್ತೆರಡರ ಮಳೆ ಕೈಕೊಟ್ಟ ಮರುವರ್ಷದ ಬೇಸಿಗೆ ಅದು. ಸುಮಿತ್ರಾ ಠಾಣಾ ಕುಶನೂರಿನ ಮನೆಗೆ ಸೊಸೆಯಾಗಿ ಬಂದು ಬಹಳ ದಿನವೇನೂ ಆಗಿರಲಿಲ್ಲ. ಗಂಡ ಹಾವಗೆಪ್ಪ ಊರಿನ ನಾಲ್ಕು ಮಂದಿಯ ಜೊತೆ ಕೆಲಸ ಹುಡುಕಿಕೊಂಡು ಹೈದರಾಬಾದಿಗೆ ಹೋಗಿದ್ದ. ಮನೆಯಲ್ಲಿ ಉಳಿದವರು ಆಕೆ, ಆಕೆಯ ಅತ್ತೆ ಸುಂದರಬಾಯಿ, ಮತ್ತೆ ಕಬರಿ.

ಕಬರಿ ದೇವಣಿ ತಳಿಯ ಮಣಕ, ಇನ್ನೂ ಒಂದೂ ಕರು ಹಾಕದ ಆಕಳು. ಬಿಳಿ ಮೈಮೇಲೆ ಮಸಿ ಚೆಲ್ಲಿದಂಥ ಕರಿ ಮಚ್ಚೆ. ಮದುವೆಯಲ್ಲಿ ತವರಿನವರು ಉಡಿ ತುಂಬಿ, ಇದರ ಹಗ್ಗವನ್ನು ಸುಮಿತ್ರಾಳ ಕೈಗೆ ಕೊಟ್ಟು ಕಳಿಸಿದ್ದರು. ಈಗ ಅದು ಚೊಚ್ಚಲ ಗಬ್ಬ. ಆ ಊರಿನಲ್ಲಿ ಸುಮಿತ್ರಾಳನ್ನು ಮದುವೆಗೆ ಮುಂಚಿನಿಂದ ಬಲ್ಲ ಜೀವವೆಂದರೆ ಅದೊಂದೇ. ಹೀಗಾಗಿ ಕಸ ಹೊಡೆಯುವಾಗ, ಸಗಣಿ ಬಳಿಯುವಾಗ ಅದರ ಜೊತೆ ಏನಾದರೂ ಹೇಳಿಕೊಳ್ಳುತ್ತಿದ್ದಳು.

"ಏ ಹುಡುಗಿ," ಒಳಗಿನಿಂದ ಸುಂದರಬಾಯಿ ಕೂಗುತ್ತಿದ್ದಳು. "ಆಕಳ ಜೋಡಿ ಎಷ್ಟ್ ಮಾತಾಡ್ತಿ? ನನ್ನ ಜೋಡಿ ಮಾತಾಡಿದ್ರ ಬಾಯಿ ಸವಿತದೇನು?"

ಮಾತಾಡಿದರೋ, ಜಗಳ. "ನಿಮ್ಮಪ್ಪ ಆಕಳ ಕೊಟ್ಟ, ಅದರ ಹೊಟ್ಟಿಗೆ ಕೊಡ್ಲಿಲ್ಲ. ಅದು ನನ್ನ ಮಗನ ಬಣವಿ ತಿಂದು ಮುಗಿಸ್ತು" ಎನ್ನುವಳು. ಸುಮಿತ್ರಾ ಸೆರಗು ಸರಿಮಾಡಿಕೊಂಡು ಕಸಬರಿಗೆ ಎತ್ತಿಕೊಳ್ಳುವಳು.

ಬಣವೆ ಮುಗಿದದ್ದು ಮಾತ್ರ ನಿಜ. ಆ ವರ್ಷ ಚಳಿಗಾಲದ ಇಬ್ಬನಿ ಕೂಡ ಸರಿಯಾಗಿ ಬೀಳಲಿಲ್ಲ. ಮಾಘದಲ್ಲೇ ಬಿಸಿಲು ಚೈತ್ರದ ಹಾಗೆ ಉರಿಯಿತು. ಕಡಲೆ ಗಿಡ ಹೂವಿನಲ್ಲೇ ಸುಟ್ಟುಕೊಂಡಿತು, ಕುಸುಬಿ ಮುಳ್ಳಷ್ಟೇ ಉಳಿಯಿತು, ಮಾವಿನ ಹೂವು ಗಾಳಿಗೆ ಹೊಟ್ಟಿನಂತೆ ಉದುರಿತು. ಕೋಳಿಗಳು ರೆಕ್ಕೆ ಅಗಲಿಸಿ, ಬಾಯಿ ತೆರೆದು ಒಲೆಯ ಬೂದಿಯಲ್ಲಿ ಕೂಡುತ್ತಿದ್ದವು. ಎಮ್ಮೆಗಳು ಒಣಗಿದ ಕೆರೆಯ ಕೆಸರಿನ ಬಿರುಕಿಗೆ ಮೂಗು ಇಟ್ಟು ನಿಲ್ಲುತ್ತಿದ್ದವು. ಜನ ಗುಡಿಸಲಿನ ಮೇಲಿನ ಹಳೇ ಹುಲ್ಲನ್ನು ಇಳಿಸಿ ದನಗಳಿಗೆ ಹಾಕಿದರು. ಊರು ಬಿಟ್ಟು ಹೋಗುವವರು ಬಾಗಿಲಿಗೆ ಜಾಲಿ ಮುಳ್ಳು ಹಚ್ಚಿ, ದನದ ಹಣೆಗೆ ವಿಭೂತಿ ಹಚ್ಚಿ ಕೊರಳ ಹಗ್ಗ ಬಿಚ್ಚಿಬಿಡುತ್ತಿದ್ದರು. ಹಾಗೆ ಬಿಟ್ಟ ದನಗಳು ಸಂಜೆಗೆ ಮತ್ತೆ ಅದೇ ಮುಳ್ಳಿನ ಬಾಗಿಲಿಗೆ ಬಂದು ನಿಂತು ಕೂಗುವುದನ್ನು ಕೇಳಲಾಗದೆ ಸುಮಿತ್ರಾ ಕಿವಿ ಮುಚ್ಚಿಕೊಳ್ಳುತ್ತಿದ್ದಳು.

ಕಬರಿಯ ಪಕ್ಕೆಲುಬುಗಳು ಒಂದೊಂದಾಗಿ ಕಾಣತೊಡಗಿದವು. ಹೊಟ್ಟೆ ಮಾತ್ರ ಕೆಳಗೆ ಜೋತು ಬೀಳುತ್ತಿತ್ತು. ಒಂದು ದಿನ ಅದು ಮಣ್ಣಿನ ಗೋಡೆ ನೆಕ್ಕುವುದನ್ನು ಕಂಡು ಸುಮಿತ್ರಾ ಧೈರ್ಯ ಮಾಡಿದಳು.

"ಅತ್ತಿ, ಕಬರಿಗೆ ನಮ್ಮೂರಿಗೆ ಕಳಸೂಣೇನ್ರಿ? ಮಾಂಜ್ರಾ ಹೊಳಿ ದಂಡಿಗೆ ಇನ್ನಾ ಹಸರ ಅದ ಅಂತ. ಅವ್ವ ನೋಡ್ಕೋತಾಳ್ರಿ."

ಸುಂದರಬಾಯಿ ಕೆಂಪು ಜೋಳದ ಅಂಬಲಿ ತಿರುವುತ್ತಿದ್ದವಳು ಕೈ ನಿಲ್ಲಿಸಿದಳು.

"ಕೊಟ್ಟ ದನ ಕೊಟ್ಟವರ ಅಂಗಳಕ್ಕ ಹೊಳ್ಳಿ ಹೋದ್ರ ಏನಂತಾರ? ಸುಂದರಬಾಯಿ ಮನ್ಯಾಗ ಒಂದ್ ಆಕಳಿಗೆ ಹಿಡಿ ಮೇವ್ ಇಲ್ಲ ಅಂತಾರ. ನಿಮ್ಮವ್ವ ಬಾಯಿಲೆ ಅನ್ನಲಿಕ್ಕಿಲ್ಲ, ಮನಸಿನಾಗ ಅಂತಾಳ. ಇಜ್ಜತ್ ಹೋದ ಮ್ಯಾಲ ಆಕಳ ಇಟ್ಕೊಂಡ್ ಏನ್ ಮಾಡಾದು?"

"ಆಕಳೇ ಹೋದ್ರರಿ?"

"ನಾ ಇನ್ನಾ ಬದುಕೀನಿ. ಹ್ಯಾಂಗ್ ಹೋಗ್ತದ?"

ಮರುದಿನ ಅತ್ತೆ ಸೊಸೆ ಇಬ್ಬರೂ ಕುಡುಗೋಲು ಹಿಡಿದು ಹೊಲಕ್ಕೆ ಹೋದರು. ಜೋಳ ಮೊಣಕಾಲಿಗಿಂತ ಮೇಲೆ ಏರಿರಲಿಲ್ಲ. ತೆನೆ ಇಲ್ಲ, ಎಲೆಗಳು ಬಿಸಿಲಿಗೆ ಕೊಳವೆಯಂತೆ ಸುತ್ತಿಕೊಂಡಿದ್ದವು. ನಡುವೆ ಎಂದೋ ಬಿದ್ದ ನಾಲ್ಕು ಹನಿಗೆ ಬುಡದಲ್ಲಿ ಹಸಿರು ಚಿಗುರು ಒಡೆದಿತ್ತು. ಹೀಗೆ ಬಿಸಿಲಿಗೆ ಮುರುಟಿ, ಬುಡದಲ್ಲಿ ಚಿಗುರಿದ ಜೋಳದಲ್ಲಿ ನಂಜು ಇರುತ್ತದೆಂಬುದು ಆ ಸೀಮೆಯ ಎಳೆ ಮಕ್ಕಳಿಗೂ ಗೊತ್ತು. ದನ ಹಸಿಯಾಗಿ ಮೇಯ್ದರೆ ಮನೆ ಮುಟ್ಟುವುದಿಲ್ಲ. ಕೊಯ್ದು, ಬಿಸಿಲಿಗೆ ಹರವಿ, ದಂಟು ಮುರಿದರೆ ಟಕ್ಕೆನ್ನುವ ತನಕ ಒಣಗಿಸಿ ಹಾಕಬೇಕು.

ಕೊಯ್ದು ತಂದು ಪೆಂಡಿ ಕಟ್ಟಿ ಅಂಗಳದ ಗೋಡೆಗೆ ಆನಿಸಿ ನಿಲ್ಲಿಸಿದರು. ಅಂಗಳದ ತುಂಬ ಸಿಹಿಯೂ ಅಲ್ಲದ ಹುಳಿಯೂ ಅಲ್ಲದ ಆ ವಾಸನೆ. ಎದುರಿಗೆ ಗೂಟದಲ್ಲಿ ಕಬರಿ. ಅದು ಮೇವಿನ ಕಡೆ ಕೊರಳು ಚಾಚಿ, ಹಗ್ಗ ಬಿಗಿದು, ನಾಲಿಗೆ ಹೊರಳಿಸುತ್ತಿತ್ತು. ಕೂಗಲು ಅದಕ್ಕೆ ಶಕ್ತಿ ಇರಲಿಲ್ಲ. ಸುಮಿತ್ರಾ ಅದರ ಕಣ್ಣು ತಪ್ಪಿಸಿಕೊಂಡು ಓಡಾಡಿದಳು. ಸುಂದರಬಾಯಿ ಮಾತ್ರ ಹೊಸ್ತಿಲ ಮೇಲೆ ಕೂತು, "ಏನ್ ನೋಡ್ತಿ? ಹಂಗ ನೋಡಿದ್ರ ಒಣಗತದೇನು?" ಎಂದು ಅದಕ್ಕೂ ಬೈಯುತ್ತಿದ್ದಳು.

ಒಂದು ಮಧ್ಯಾಹ್ನ ಸುಮಿತ್ರಾ ಸೇದು ಬಾವಿಯ ಸರತಿ ಮುಗಿಸಿ ಅರ್ಧ ಕೊಡ ಕೆಸರು ನೀರು ಹೊತ್ತು ಬಂದಾಗ ಕಬರಿ ಕಾಲು ತೊಡರಿಸುತ್ತ ನಿಂತಿತ್ತು. ಬಾಯಿಂದ ನೊರೆ ಇಳಿಯುತ್ತಿತ್ತು, ಮೂಗಿನ ಹೊಳ್ಳೆ ಅರಳಿ ಉಸಿರು ತಿದಿಯಂತೆ ಬರುತ್ತಿತ್ತು. ಆಕೆ ನೋಡುತ್ತಿದ್ದಂತೆ ಮುಂಗಾಲು ಮಡಿಸಿ ದೊಪ್ಪನೆ ಬಿತ್ತು. ಅದರ ಮುಂದೆ ಬಿಚ್ಚಿದ ಅರ್ಧ ಪೆಂಡಿ ಇತ್ತು.

ಕೊಡ ಎಲ್ಲಿ ಇಟ್ಟಳೋ ಗೊತ್ತಾಗಲಿಲ್ಲ. "ಯಾರ್ ಹಾಕ್ಯಾರ್ರಿ ಇದು?"

"ನಾನೇ." ಸುಂದರಬಾಯಿ ಗೋಡೆಗೆ ಕೈಕೊಟ್ಟು ನಿಂತಿದ್ದಳು. ಅತ್ತೆಯ ದನಿ ಅಷ್ಟು ಸಣ್ಣದಾಗಿದ್ದು ಸುಮಿತ್ರಾ ಎಂದೂ ಕೇಳಿರಲಿಲ್ಲ. "ನಾನೇ ಹಾಕೀನಿ, ಯವ್ವಾ. ಮುರದು ನೋಡೀನಿ. ಟಕ್ಕಂತು. ಅದು ನೋಡೋದ್ ನೋಡ್ಲಿಕ್ಕಾಗ್ಲಿಲ್ಲ."

ಮುರಿದು ನೋಡಿದ್ದು ಪೆಂಡಿಯ ಹೊರಗಿನ ದಂಟು. ಒಳಗಿನ ಬುಡದ ಚಿಗುರು ಬಾಡಿತ್ತೇ ಹೊರತು ಒಣಗಿರಲಿಲ್ಲ. ಬದುಕಿನುದ್ದಕ್ಕೂ ಪೆಂಡಿ ಬಿಚ್ಚಿ ನಡುವಿನ ದಂಟು ನೋಡಿಯೇ ಹಾಕಿದವಳು, ಓಣಿಯ ಸೊಸೆಯರಿಗೆಲ್ಲ ಅದನ್ನು ಕಲಿಸಿದವಳು, ಅಂದು ಆ ದನದ ಕಣ್ಣು ನೋಡಿ ಅವಸರ ಮಾಡಿದ್ದಳು.

ಸುಮಿತ್ರಾಗೆ ಬೈಯಬೇಕೆನಿಸಿತು. ಎಷ್ಟೋ ದಿನದಿಂದ ಒಳಗೆ ಕೂಡಿಟ್ಟಿದ್ದನ್ನೆಲ್ಲ ಅಂದುಬಿಡಲು ತಿರುಗಿದಳು. ಆದರೆ ಸುಂದರಬಾಯಿ ಆಗಲೇ ಒಳಗೆ ಓಡಿದ್ದಳು. ಟ್ರಂಕಿನ ಕೀಲಿ ತೆಗೆದ ಸದ್ದು. ಹೊರಗೆ ಬಂದಾಗ ಕೈಯಲ್ಲಿ ಹಳೇ ಧೋತರದ ಚೂರಿನಲ್ಲಿ ಸುತ್ತಿದ ಬೆಲ್ಲದ ಮುದ್ದೆ. ಅಂಥದೊಂದು ಮನೆಯಲ್ಲಿ ಇತ್ತೆಂದೇ ಸುಮಿತ್ರಾಗೆ ಗೊತ್ತಿರಲಿಲ್ಲ.

"ಯುಗಾದಿಗೆ ಹಾವಗ್ಯಾ ಬಂದ್ರ ಹೋಳಿಗಿ ಮಾಡ್ಬೇಕಂತ ಇಟ್ಟಿದ್ದೆ. ನಿಂತ್ಕೊಂಡ್ ಏನ್ ನೋಡ್ತಿ? ನೀರ್ ತಾ. ಹೀರಾಬಾಯಿಗೆ ಕೂಗು!"

ಜೋಳದ ನಂಜಿಗೆ ಆ ಸೀಮೆಯ ಮದ್ದೆಂದರೆ ಬೆಲ್ಲದ ನೀರು. ಬಾವಿಯಿಂದ ತಂದ ನೀರೆಲ್ಲ ಬೆಲ್ಲಕ್ಕೆ ಹೋಯಿತು. ಬಾಜು ಮನೆಯ ಹೀರಾಬಾಯಿ ಓಡಿಬಂದು ಕಬರಿಯ ಕೊಂಬು ಹಿಡಿದು ಮುಖ ಮೇಲೆತ್ತಿದಳು. ಸುಮಿತ್ರಾ ದವಡೆ ಬಿಡಿಸಿದಳು. ಸುಂದರಬಾಯಿ ಬಿದಿರಿನ ಗೊಟ್ಟದಲ್ಲಿ ಬೆಲ್ಲದ ನೀರು ತುಂಬಿ ತುಂಬಿ ಗಂಟಲಿಗೆ ಇಳಿಸಿದಳು. ಇಳಿಸುತ್ತ ಅಳುತ್ತಿದ್ದಳು, ಅಳುತ್ತ ಬೈಯುತ್ತಿದ್ದಳು. "ನುಂಗು, ನುಂಗ್ ನನ್ನವ್ವಾ. ಪರದವರ ಮನಿದು ಅಂತ ಹಟ ಮಾಡಬ್ಯಾಡ."

"ಏನ್ ಸುಂದರಕ್ಕಾ," ಎಂದಳು ಹೀರಾಬಾಯಿ ಏದುಸಿರಿನಲ್ಲೇ, "ಸೊಸಿ ಜಡ್ಡಾಗಿ ಮಲ್ಕೊಂಡ್ರೂ ಇಷ್ಟು ಅಳ್ತಿದ್ದಿಲ್ಲ ನೀ."

"ಸೊಸಿ ಜ್ವಾಳ ತಿನ್ನಲ್ಲ ಬಿಡು. ಅಂಬಲಿ ಹಾಕಿದ್ರೂ ಅರ್ಧ ಬಿಡ್ತಾಳ."

ಆ ಮಾತು ಸುಮಿತ್ರಾಳ ಎದೆಗೆ ನಾಟಿತು. ತಾನು ಬಿಟ್ಟ ಅಂಬಲಿ ಕಬರಿಯ ನೀರಿನ ಬಾನಿಗೆ ಹೋಗುತ್ತದೆಂಬುದು ಅತ್ತೆಗೆ ಗೊತ್ತಿತ್ತೆಂದಾಯಿತು. ಗೊತ್ತಿದ್ದೂ ಸುಮ್ಮನಿದ್ದಳು.

ನೆರಳು ಅಂಗಳದಾಚೆ ದಾಟುವ ಹೊತ್ತಿಗೆ ಕಬರಿಯ ಉಸಿರು ಹದಕ್ಕೆ ಬಂತು. ಸಂಜೆ ಅದು ತಡವರಿಸುತ್ತ ಎದ್ದು ನಿಂತಿತು. ಹೊಟ್ಟೆಯ ಪಕ್ಕಕ್ಕೆ ಕೈಯಿಟ್ಟು ಸುಂದರಬಾಯಿ ಬಹಳ ಹೊತ್ತು ಹಾಗೇ ನಿಂತಳು. ಕೊನೆಗೆ, "ಹೊಳ್ಳಾಡ್ಲತ್ತದ. ಒಳಗಿಂದೂ ಜೀವದಾಗ ಅದ," ಎಂದಳು. ಆಮೇಲೆ ಸೊಸೆಯ ಮುಖ ನೋಡದೆ, "ನಾಳಿ ನಸಿಕಿಲೇ ಹೊಂಡೂಣು. ನಿಮ್ಮೂರಿಗೆ. ನಾನೂ ಬರ್ತೇನಿ," ಎಂದಳು.

"ನೀವ್ಯಾಕ್ರಿ ಅತ್ತಿ, ನಾ ಒಬ್ಬಾಕಿನೇ…"

"ಇಜ್ಜತ್ ನಂದು. ಕಳಕೊಳ್ಳಾದು ಅದ ಅಂದ್ರ ನಾನೇ ಹೋಗಿ ಕಳಕೋತೇನಿ."

ಬೆಳ್ಳಿ ಚಿಕ್ಕಿ ಮೂಡಿದಾಗ ಹೊರಟರು. ಹಗ್ಗ ಸುಂದರಬಾಯಿಯ ಕೈಯಲ್ಲಿತ್ತು, ಸುಮಿತ್ರಾ ಹಿಂದೆ. ಕಬರಿ ನಾಲ್ಕು ಹೆಜ್ಜೆ ನಡೆದು ನಿಲ್ಲುವುದು, ಇವರೂ ನಿಲ್ಲುವುದು. ದಾರಿಯ ಎರಡೂ ಕಡೆ ಬೋಳು ಹೊಲ, ಕೆಂಪು ಮಣ್ಣು. ಎಲೆಯೇ ಇಲ್ಲದ ಮುತ್ತುಗದ ಗಿಡಗಳು ಮಾತ್ರ ಯಾವ ಬರದ ಹಂಗೂ ಇಲ್ಲದಂತೆ ಕೇಸರಿ ಹೂ ಹೊತ್ತು ನಿಂತಿದ್ದವು.

ಸುಂದರಬಾಯಿ ದಾರಿಯುದ್ದಕ್ಕೂ ಬೀಗತಿಯೆದುರು ಏನು ಹೇಳಬೇಕೆಂದು ಮಾತು ಕಟ್ಟುತ್ತಿದ್ದಳು.

"ಬೀಗತಿ, ಆಕಳ ನಾಕ್ ದಿನ ನಿಮ್ಮಲ್ಲಿ ಇರ್ಲಿ ಅಂದ್ರ ಹ್ಯಾಂಗ?"

"ನಾಕ್ ದಿನದ ಮಾತ್ ಯಾರ್ ನಂಬ್ತಾರ್ರಿ ಅತ್ತಿ?"

"ಹಂಗಾದ್ರ, ನಿಮಗ ಮಾತಾಡ್ಸಿ ಹೋಗೂಣಂತ ಬಂದೇನಿ, ಇದೂ ಬೆನ್ನ ಹತ್ತಿ ಬಂತು ಅಂತೇನಿ."

ಸುಮಿತ್ರಾಗೆ ನಗು ತಡೆಯಲಾಗಲಿಲ್ಲ. ಅತ್ತೆಯೆದುರು ಆಕೆ ಬಾಯಿಬಿಟ್ಟು ನಕ್ಕದ್ದು ಅದೇ ಮೊದಲು. ಸುಂದರಬಾಯಿ ತಿರುಗಿ ದುರುಗುಟ್ಟಿ ನೋಡಿದಳು. ಆಮೇಲೆ ತಾನೂ ನಕ್ಕಳು. ಹುಣಸೆ ಮರವೊಂದರ ನೆರಳಿಗೆ ಕೂತಾಗ, ಕೇಳದೇನೇ ತನ್ನ ಕಥೆ ಹೇಳಿದಳು. ಕಾಲರಾ ಬಂದ ವರ್ಷ ಆಕೆಯ ತಾಯಿ ತಂದೆ ಇಬ್ಬರೂ ಹೋಗಿದ್ದರು. ಹೋಗಲು ತವರಿಲ್ಲದೆ ಹಾವಗೆಪ್ಪ ಹುಟ್ಟಿದ್ದೂ ಕುಶನೂರಿನಲ್ಲೇ, ತನ್ನ ಅತ್ತೆಯ ಕೈಯಲ್ಲೇ. "ನನ್ನ ಬ್ಯಾನಿಗೆ ಹಿಡ್ಕೊಳ್ಳಾಕ ಗೋಡಿ ಒಂದೇ ಇತ್ತು," ಎಂದಳು. ಅಷ್ಟೇ ಹೇಳಿ ಎದ್ದು ಹಗ್ಗ ಹಿಡಿದಳು.

ಮಾಂಜ್ರಾ ಹರಿಯುತ್ತಿರಲಿಲ್ಲ. ಮರಳಿನ ನಡುವೆ ಅಲ್ಲಲ್ಲಿ ಮಡುಗಳು, ಅವುಗಳ ಅಂಚಿಗೆ ಎರಡು ಬೆರಳಗಲ ಹಸಿರು. ಕಬರಿ ಮಡುವಿಗೆ ಮೂತಿ ಇಟ್ಟದ್ದು ತೆಗೆಯಲೇ ಇಲ್ಲ. ಹೊಳೆ ದಾಟಿದರೆ ಭಾಲ್ಕಿ ಸೀಮೆ, ದಂಡೆಯ ಮೇಲೇ ಸುಮಿತ್ರಾಳ ತವರು.

ಬಾಗಿಲಿಗೆ ಬಂದ ಅವ್ವ ಮೂವರನ್ನೂ ನೋಡಿದಳು: ಮಗಳ ಬತ್ತಿದ ಮುಖ, ಆಕಳ ಪಕ್ಕೆಲುಬು, ಬರಿಗಾಲಲ್ಲಿ ಹಗ್ಗ ಹಿಡಿದು ಅಂಗಳದ ಹೊರಗೇ ನಿಂತ ಬೀಗತಿ. ಸುಂದರಬಾಯಿ ಬಾಯಿ ತೆರೆದಳು. ದಾರಿಯುದ್ದ ಕಟ್ಟಿದ ಒಂದು ಮಾತೂ ಹೊರಗೆ ಬರಲಿಲ್ಲ. ಸುಮಿತ್ರಾಗೆ ಕಾಲ ಕೆಳಗಿನ ಮಣ್ಣು ಬಿರುಕು ಬಿಟ್ಟು ತನ್ನನ್ನು ನುಂಗಬಾರದೇ ಎನಿಸಿತು.

"ಬರ್ರಿ ಬೀಗತಿ," ಎಂದಳು ಅವ್ವ, ತಂಬಿಗೆ ನೀರು ಹಿಡಿದು ಅಂಗಳಕ್ಕೆ ಇಳಿಯುತ್ತ. "ನಾನೇ ಕರೀಲಿಕ್ಕಿ ಬರಬೇಕಿತ್ರಿ, ತಪ್ಪಾತು. ನಮ್ಮ ಕಬರಿದು ಚೊಚ್ಚಲ. ಮೊದಲ ಬಾಣಂತನ ತವರಾಗೇ ಆಗಬೇಕಲ್ರಿ? ಕರಕೊಂಡ್ ಬಂದಿರಿ, ಪುಣ್ಯ ಕಟ್ಕೊಂಡ್ರಿ."

ಸುಂದರಬಾಯಿ ಬೀಗತಿಯ ಮುಖವನ್ನೇ ನೋಡಿದಳು, ಅಲ್ಲಿ ನಗೆ ಇದೆಯೇ ಎಂದು ಹುಡುಕುವವಳಂತೆ. ಇರಲಿಲ್ಲ. ನಿಧಾನಕ್ಕೆ ಆಕೆಯ ಬೆನ್ನು ನೆಟ್ಟಗಾಯಿತು.

"ಅದೇ ಅಂತೇನ್ರಿ," ಎಂದಳು ಎಂದಿನ ದನಿಯಲ್ಲಿ. "ನಮ್ಮಲ್ಲಿ ಮೇವಿಗೇನ್ ಕಡಿಮಿ ಇಲ್ರಿ. ಪದ್ಧತಿ ಬಿಡಬಾರದು ನೋಡ್ರಿ."

"ಬಿಡಬಾರದ್ರಿ," ಎಂದು ಅವ್ವ ಬಗ್ಗಿ ಆಕೆಯ ಕಾಲಿಗೆ ನೀರು ಹಾಕಿದಳು.

ಕಬರಿ ಆ ವರ್ಷ ಮುಂಗಾರು ಹಿಡಿದ ಮೇಲೆ ಹೆಣ್ಣುಗರು ಹಾಕಿತು. ಅದು ಆಮೇಲಿನ ಸುದ್ದಿ. ಸುಮಿತ್ರಾಬಾಯಿ ನೌಬಾದದ ಕಿಟಕಿಯ ಬಳಿ ಕೂತು ಮತ್ತೆ ಮತ್ತೆ ನೆನೆಯುವುದು ಮಾರನೆಯ ಬೆಳಿಗ್ಗೆಯನ್ನು. ಸುಂದರಬಾಯಿ ಹೊರಡಲು ಎದ್ದು, ಸೊಸೆಯನ್ನು ಬಾಗಿಲ ಹೊರಗೆ ಕರೆದು, "ನೀನೂ ಇರು. ಅದು ಹಡಿಯೋ ತನಾ ಇರು. ಎರಡ್ ಹೊತ್ತು ಸರಿಯಾಗಿ ಉಣ್ಣು. ನಾ ಮನಿ ಕಾಯ್ತೇನಿ," ಎಂದಿದ್ದಳು. ಸೊಸೆ ತಲೆಯಾಡಿಸಿದ್ದೇ ಸಾಕೆಂದು, ಹೊಳೆಯ ಮರಳಿಗೆ ಇಳಿದು ಹಿಂದೆ ನೋಡದೆ ನಡೆದಿದ್ದಳು. ಮುಳ್ಳು ಹಚ್ಚಿದ ಬಾಗಿಲುಗಳ ಓಣಿಯಲ್ಲಿ ಇನ್ನು ಆಕೆ ತನ್ನೊಬ್ಬಳಿಗಾಗಿ ಒಲೆ ಹಚ್ಚಬೇಕು.

ಸುಮಿತ್ರಾ ಒಳಗೆ ಹೋದಳು. ಕಬರಿಯ ಮೈಮೇಲೆ ಒಮ್ಮೆ ಕೈಯಾಡಿಸಿದಳು. ಅವ್ವನಿಗೆ, "ಬಾಣಂತನ ಇದರದು ಯವ್ವಾ, ನಂದಲ್ಲ," ಎಂದಳು. ಅವ್ವ ಎರಡು ಸೇರು ಜೋಳ ಕಟ್ಟಿ ಮಗಳ ತಲೆಯ ಮೇಲಿಟ್ಟಳು.

ಮರಳಿನಲ್ಲಿ ಹಿಂದಿನಿಂದ ಹೆಜ್ಜೆ ಕೇಳಿ ಸುಂದರಬಾಯಿ ನಿಂತಳು.

"ಹುಚ್ಚಿ! ತವರ ಬಿಟ್ಟು ಬರಗಾಲಕ್ಕ ಹೊಳ್ಳಿ ಬರೋರ್ನ ಎಲ್ಲಿ ನೋಡೀದಿ? ಬುದ್ಧಿ ಅದ ಏನ್ ನಿನಗ? ಅವ್ವನೂ ಬಿಟ್ಟಾಳ, ಆಕಿಗೂ ಬುದ್ಧಿ ಇಲ್ಲ!" ಬೈಯುತ್ತಲೇ ಹಿಂದಕ್ಕೆ ಬಂದು ಸೊಸೆಯ ತಲೆಯ ಮೇಲಿನ ಗಂಟು ಇಳಿಸಿ ತನ್ನ ಸೊಂಟಕ್ಕೆ ಇಟ್ಟುಕೊಂಡಳು. "ನಡಿ ಮತ್ತ. ಬಿಸಿಲೇರೋದ್ರಾಗ ಆ ದಂಡಿ ಏರಬೇಕು."